ಸಾಕು ಎಂಬ ಗುಂಡಿ

ನನಗೆ ಯಾರನ್ನೂ ಏನನ್ನೂ ಕೇಳಲು ಬರುವುದಿಲ್ಲ. ಇದನ್ನು ಸಜ್ಜನಿಕೆ ಎಂದು ಹೊಗಳುವವರಿದ್ದಾರೆ. ಅವರು ಯಾರೂ ನನ್ನ ಜೊತೆ ಆಟೋದಲ್ಲಿ ಕೂತವರಲ್ಲ. ಶಿವಮೊಗ್ಗದಲ್ಲಿ ನಮ್ಮ ಮನೆ ಸವಳಂಗ ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿದೆ. ಆಟೋದವನು ಮಾತಿನ ಭರದಲ್ಲಿ ಆ ತಿರುವು ದಾಟಿಬಿಟ್ಟರೆ, "ಸ್ವಲ್ಪ ನಿಲ್ಲಿಸಪ್ಪಾ" ಎನ್ನುವ ಮಾತು ನನ್ನ ಗಂಟಲಿನಲ್ಲೇ ಉಳಿಯುತ್ತದೆ. ಪಾಪ, ಅವನ ಭಾವಮೈದುನನ ಕಥೆ ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು ಸುಮ್ಮನಿರುತ್ತೇನೆ. ಕಥೆ ಮುಗಿದಲ್ಲಿ ಇಳಿದು, ಅಲ್ಲೇ ಏನೋ ಕೆಲಸವಿದ್ದವನಂತೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತೇನೆ. ನನ್ನ ಹೆಂಡತಿ ವಿಜಯಾ ಸೊಪ್ಪು ನೋಡಿದ ಕೂಡಲೇ, "ಇವತ್ತೂ ಮುಂದೆ ಹೋಗಿ ಇಳಿದ್ರಾ?" ಎನ್ನುತ್ತಾಳೆ. ನಮ್ಮ ಮನೆಯ ಸಾರಿಗೆ ಕೊತ್ತಂಬರಿ ಎಂದೂ ಕಡಿಮೆಯಾದದ್ದಿಲ್ಲ.

ಇಂಥ ನಾನು ಭದ್ರಾವತಿಯ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುತ್ತೇನೆ. ಪಾಠ ಮಾಡುವಾಗ ಯಾರನ್ನೂ ಏನೂ ಬೇಡಬೇಕಾಗಿಲ್ಲ, ಹೇಳುತ್ತಾ ಹೋದರಾಯಿತು. ಹಾಗಾಗಿ ಆ ಕೆಲಸ ನನಗೆ ಒಗ್ಗಿದೆ. ಅದರಲ್ಲೂ ಮಸೂರದ ಪಾಠ ಎಂದರೆ ಪ್ರಾಣ. ಉರಿಯುವ ಮೇಣದಬತ್ತಿಯ ಮುಂದೆ ಮಸೂರ ಹಿಡಿದು, ಗೋಡೆಯ ಮೇಲೆ ಜ್ವಾಲೆ ತಲೆಕೆಳಗಾಗಿ ಮೂಡಿದಾಗ, ಹಿಂದಿನ ಬೆಂಚಿನವರು ಕೂಡ ಮೊಬೈಲು ಮರೆತು "ಓ" ಎನ್ನುತ್ತಾರೆ. ಆ ಒಂದು "ಓ" ಕೇಳಲಿಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಹೀಗಿರುವಾಗ ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಅವರು ಕುರ್ಚಿ ತೋರಿಸಿದರೆ ವಿಷಯ ಗಂಭೀರ ಎಂದೇ ಅರ್ಥ. "ಸಾರ್, ನಿಮಗೊಂದು ಒಳ್ಳೆ ಸುದ್ದಿ. ಹೊರಗಿನ ಕಂಪನಿಯೋರು ಕಂಪ್ಯೂಟರಲ್ಲಿ ಪಾಠ ಮಾಡ್ಕೊಡ್ತಾರಂತೆ. ಬರೀ ವಿಡಿಯೋ ಅಲ್ಲ, ಇಂಟರಾಕ್ಟಿವ್. ಮಕ್ಕಳು ಒತ್ತಿದ್ರೆ ಅದು ಉತ್ತರ ಕೊಡುತ್ತೆ, ಪ್ರಶ್ನೆ ಕೇಳುತ್ತೆ. ಅದು ಬಂದ್ರೆ ನಿಮ್ಮ ಅರ್ಧ ಪೀರಿಯಡ್ ಉಳಿಯುತ್ತೆ." ಉಳಿದ ಹೊತ್ತಿನಲ್ಲಿ ನಾನೇನು ಮಾಡಲಿ ಎಂದೆ. "ಅಡ್ಮಿಷನ್‌ಗೆ ಮನೆ ಮನೆಗೆ ಹೋಗೋಕೆ ಜನ ಬೇಕಲ್ಲ ಸಾರ್!"

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹತ್ತನೇ ತರಗತಿ ಮುಗಿಸಿದ ಮಕ್ಕಳ ಮನೆ ಹುಡುಕಿಕೊಂಡು ಹೋಗಿ, ಬಾಗಿಲು ತಟ್ಟಿ, ನಿಮ್ಮ ಮಗುವನ್ನು ನಮ್ಮ ಕಾಲೇಜಿಗೇ ಸೇರಿಸಿ ಎಂದು ಕೇಳುವ ಒಂದು ಕೆಲಸ ಖಾಸಗಿ ಕಾಲೇಜುಗಳಲ್ಲಿ ಉಂಟು. ತನ್ನ ಮನೆಯ ತಿರುವಿನಲ್ಲಿ ಆಟೋ ನಿಲ್ಲಿಸಲಾಗದವನು ಬೇರೆಯವರ ಮನೆ ಬಾಗಿಲಲ್ಲಿ ನಿಂತು ಅವರ ಮಗಳನ್ನು ಕೇಳಬೇಕು! ಹೆಣ್ಣು ನೋಡಲು ಹೋದಾಗಲೂ ನಾನು ಬಾಯಿ ಬಿಟ್ಟವನಲ್ಲ. ಎಲ್ಲ ನಮ್ಮ ಸೋದರಮಾವನೇ ಮಾತಾಡಿ ಮುಗಿಸಿದ್ದ. ಹೆದರಿಕೆಗೆ ನನ್ನ ಬಾಯಿಂದ, "ಅಂಥ ಪಾಠ ನಾನೇ ಮಾಡ್ಕೊಡ್ತೀನಿ ಸಾರ್, ಕಂಪನಿ ಯಾಕೆ?" ಎಂಬ ಮಾತು ಹೊರಬಿತ್ತು. ಹಾಗಾದರೆ ಬೇಸಿಗೆ ರಜೆಗೆ ಮುಂಚೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ತೋರಿಸಿ, ಅವರು ಒಪ್ಪಿದರೆ ಸರಿ ಎಂದು ಪ್ರಿನ್ಸಿಪಾಲರು ಎದ್ದು ನಿಂತರು.

ಹೀಗೆ ನಾನು ಐವತ್ತು ದಾಟಿದ ಮೇಲೆ ಕೋಡಿಂಗ್ ಕಲಿಯಲು ಕೂತೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕಲಿಸುವ ತಾಣಗಳಿವೆ. ಪರದೆಯ ಎಡಗಡೆ ನಾವು ಬರೆಯುತ್ತಾ ಹೋದ ಹಾಗೆ ಬಲಗಡೆ ಅದು ಆಗುತ್ತಾ ಹೋಗುತ್ತದೆ. ಸರಿಯಾದರೆ ಪರದೆ ತುಂಬ ಬಣ್ಣದ ಕಾಗದದ ಚೂರುಗಳು ಸುರಿದು, ಶಭಾಷ್ ಎನ್ನುತ್ತದೆ. ಪರದೆಯ ಮೇಲೆ ಒತ್ತುವ ಒಂದು ಗುಂಡಿಯನ್ನು ನೀಲಿ ಮಾಡಿದ್ದಕ್ಕೆ ನನಗೆ ಸಿಕ್ಕಿದ ಅಭಿನಂದನೆ, ಇಡೀ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕಾಗದದ ಚೂರುಗಳಿಗಾಗಿ ಅದೇ ಗುಂಡಿಯನ್ನು ಆಮೇಲೆ ಹಸಿರೂ ಮಾಡಿದೆ, ಕೆಂಪೂ ಮಾಡಿದೆ. ವಿಜಯಾ ಒಮ್ಮೆ ಹಿಂದೆ ಬಂದು ನಿಂತು, "ಅಷ್ಟೊಂದು ಖುಷಿ ಆಗೋದಾದ್ರೆ ನಾನೂ ಕಾಗದ ಹರಿದು ಹಾಕ್ತೀನಿ, ಕಸ ನೀವೇ ಗುಡಿಸ್ಬೇಕು ಅಷ್ಟೆ" ಎಂದಳು.

ಅಂತೂ ಮಸೂರದ ಪಾಠದ ಪುಟ ತಯಾರಾಯಿತು. ಮೇಣದಬತ್ತಿಯನ್ನು ಹಿಡಿದು ಅತ್ತಿತ್ತ ಎಳೆದರೆ ಮಸೂರದ ಆಚೆ ಬಿಂಬ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ, ತಲೆಕೆಳಗಾಗುತ್ತದೆ. ಕೆಳಗೆ ಒಂದೊಂದೇ ಪ್ರಶ್ನೆ. ಆಡಿದ್ದು ಮುಗಿದರೆ ಒತ್ತಲು "ಸಾಕು" ಎಂಬ ಒಂದು ಗುಂಡಿ. ಮೊದಲು ಪರೀಕ್ಷೆ ಮಾಡಿದವಳು ವಿಜಯಾ. ಎರಡು ಪ್ರಶ್ನೆಗೆ ಉತ್ತರಿಸಿ "ಸಾಕು" ಒತ್ತಿದಳು. ಪುಟ ಥಟ್ಟನೆ ಮುಚ್ಚಿಕೊಂಡಿತು. ಅವಳ ಮುಖ ಸಣ್ಣದಾಯಿತು.

"ಇದೇನ್ರೀ ಇದು, ಸಾಕು ಅಂದ ತಕ್ಷಣ ಎಲೆ ಎತ್ತಿಬಿಡುತ್ತೆ! ಒಂದು ಸಲ ಆದ್ರೂ ಬಲವಂತ ಮಾಡೋದು ಬೇಡ್ವಾ? ಬಂದ ಮಕ್ಕಳು ಏನು ತಿಳ್ಕೋತಾರೆ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಕಡೆ ಊಟಕ್ಕೆ ಕೂತವರು ಮೊದಲು ಹೇಳುವ ಸಾಕು ಮರ್ಯಾದೆಗೆ, ಆಮೇಲಿನದು ಅಭ್ಯಾಸಕ್ಕೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗಿದಾಗ ಹೇಳುವುದು ಮಾತ್ರ ನಿಜವಾದದ್ದು. ಮೊದಲ ಸಾಕಿಗೇ ಬಡಿಸುವುದನ್ನು ನಿಲ್ಲಿಸಿದ ಮನೆಯ ಸುದ್ದಿ ನೆಂಟರಿಷ್ಟರಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ನಾನು ಕೂತು ತಿದ್ದಿದೆ. ಈಗ "ಸಾಕು" ಒತ್ತಿದರೆ, "ಅಯ್ಯೋ, ಇಷ್ಟಕ್ಕೇ ಸಾಕಾ? ಸಂಕೋಚ ಪಡಬೇಡಿ, ಇನ್ನೊಂದೇ ಒಂದು" ಎಂಬ ಮಾತು ಬಂದು, ಹೊಸ ಪ್ರಶ್ನೆ ಬಂದು ಬೀಳುತ್ತಿತ್ತು. ಮೂರನೇ ಸಲ ಒತ್ತಿದರೆ ಬಿಟ್ಟುಬಿಡಬೇಕು ಎಂದು ಲೆಕ್ಕ ಇಟ್ಟಿದ್ದೆ. ಆದರೆ ಹೊಸ ಪ್ರಶ್ನೆ ಬಡಿಸಿದಾಗಲೆಲ್ಲ ಆ ಲೆಕ್ಕ ಮತ್ತೆ ಸೊನ್ನೆಗೆ ಬರುವಂತೆ ಬರೆದುಬಿಟ್ಟಿದ್ದೆ. ಇದು ನನಗೆ ತಿಳಿಯಲಿಲ್ಲ. ಮತ್ತೆ ಪರೀಕ್ಷೆಗೆ ಕೂತ ವಿಜಯಾ ಎರಡನೇ "ಸಾಕು" ಒತ್ತುವ ಹೊತ್ತಿಗೆ ಕುಕ್ಕರ್ ಕೂಗಿತು, ಅವಳು ಎದ್ದು ಹೋದಳು.

ಅಧ್ಯಕ್ಷರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದೊಡ್ಡ ಬಟ್ಟೆ ಅಂಗಡಿ. ಕಾಲೇಜಿಗೆ ಬಂದರೂ ಅಂಗಡಿಯ ಗಡಿಬಿಡಿಯಲ್ಲೇ ಇರುತ್ತಾರೆ. "ಐದು ನಿಮಿಷ ಅಷ್ಟೇ ಮೇಷ್ಟ್ರೇ, ಮದುವೆ ಸೀಸನ್ನು" ಎಂದು ಕಂಪ್ಯೂಟರ್ ಮುಂದೆ ಕೂತರು. ಮೇಣದಬತ್ತಿ ಎಳೆದರು. ಬಿಂಬ ತಲೆಕೆಳಗಾದಾಗ ಅವರೂ "ಓ" ಎಂದರು. ನನಗೆ ಅರ್ಧ ಗೆದ್ದಂತಾಯಿತು. ಒಂದೆರಡು ಉತ್ತರ ಕೊಟ್ಟು "ಸಾಕು" ಒತ್ತಿದರು. ಪುಟ ಸಂಕೋಚ ಪಡಬೇಡಿ ಎಂದಿತು. ನಕ್ಕು ಇನ್ನೊಂದಕ್ಕೆ ಉತ್ತರಿಸಿ ಮತ್ತೆ ಒತ್ತಿದರು. ಪುಟ ಮತ್ತೆ ಉಪಚಾರ ಮಾಡಿತು. ಅವರು ಒತ್ತುತ್ತಾ ಹೋದರು, ಅದು ಬಡಿಸುತ್ತಾ ಹೋಯಿತು. ಫೋನು ಬಂದರೆ, "ಇರೋ, ಇಲ್ಲಿ ಬಿಡ್ತಿಲ್ಲ" ಎಂದು ಕತ್ತರಿಸಿದರು. ಪ್ರಿನ್ಸಿಪಾಲರ ಹಣೆಯ ಮೇಲೆ ಬೆವರು. ನಾನು ಕಿಟಕಿಯ ಕಡೆ ನೋಡುತ್ತಾ, ಕೈಗೆ ಸಿಕ್ಕ ಪ್ಲಗ್ಗನ್ನು ಕೀಳಲೇ ಬೇಡವೇ ಎಂದು ಯೋಚಿಸುತ್ತಿದ್ದೆ. ಕೀಳಬಹುದೇ ಎಂದು ಯಾರನ್ನಾದರೂ ಕೇಳಬೇಕಿತ್ತು, ಕೇಳಲಿಲ್ಲ. ಕೊನೆಗೆ ಕರೆಂಟೇ ಹೋಗಿ ಅಧ್ಯಕ್ಷರಿಗೆ ಬಿಡುಗಡೆಯಾಯಿತು.

ಅವರು ಬಯ್ಯುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಅವರು ನನ್ನ ಕೈ ಹಿಡಿದರು. "ಎಂಥಾ ಕೆಲಸ ಮಾರಾಯ್ರೇ! ಗಿರಾಕಿನ ಎದ್ದು ಹೋಗೋಕೆ ಬಿಡಲ್ಲ ಇದು. ಸೀರೆ ಸಾಕು ಅಂದೋರಿಗೆ ಇನ್ನೊಂದು ಬಿಚ್ಚಿ ತೋರಿಸ್ರೋ ಅಂತ ನಮ್ಮ ಹುಡುಗ್ರಿಗೆ ಬಡ್ಕೊಂಡು ಸಾಕಾಗಿದೆ ನಂಗೆ. ಇದನ್ನ ಬರೆದೋರು ನೀವೇನಾ?" ಲೆಕ್ಕ ತಪ್ಪಿದೆ, ತಿದ್ದುತ್ತೇನೆ ಎಂದೆ. "ಮುಟ್ಬೇಡಿ!" ಎಂದರು. ಪುಟವನ್ನು ಹಾಗೇ ಊರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಬೇಕೆಂದು ಅಲ್ಲೇ ಅಪ್ಪಣೆಯಾಯಿತು. ಕಂಪನಿಯ ಪಾಠ ಬೇಡವೆಂದಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಪ್ರಿನ್ಸಿಪಾಲರ ಕಡೆ ತಿರುಗಿ, "ಇಂಥೋರನ್ನ ಕ್ಲಾಸಲ್ಲಿ ಕೂರಿಸ್ಕೊಂಡಿದೀರಲ್ಲ! ಅಡ್ಮಿಷನ್ ಪೂರ್ತಿ ಇವರ ಕೈಗೆ ಕೊಡಿ" ಎಂದರು.

ಮುಂದಿನ ವಾರ ನಾನು ಭದ್ರಾವತಿಯ ಕಾರ್ಖಾನೆ ಕಡೆಯ ಬೀದಿಯೊಂದರಲ್ಲಿ ಒಂದು ಬಾಗಿಲ ಮುಂದೆ ನಿಂತಿದ್ದೆ. ತಟ್ಟಬೇಕಾಗಲಿಲ್ಲ, ತೆರೆದೇ ಇತ್ತು. ಕಾಲೇಜಿನಿಂದ ಬಂದಿದ್ದೇನೆ ಎಂದೆ. ಮೇಷ್ಟರಲ್ಲ, ಕಾಲೇಜಿನ ಆಫೀಸಿನವರು ಇರಬೇಕೆಂದುಕೊಂಡು ಮನೆಯಾಕೆ ಸೆಲ್ವಿ, "ಬೇಡ ಸಾರ್, ಆಗ್ಲೇ ಬೇರೆ ಕಾಲೇಜು ನೋಡಿಟ್ಟಿದೀವಿ" ಎಂದರು. "ಒಳ್ಳೇದಾಯ್ತಮ್ಮಾ" ಎಂದು ನಾನು ತಿರುಗಿಯೂ ಬಿಟ್ಟೆ. ಬಿಸಿಲಲ್ಲಿ ಬಂದವರು ಹಾಗೆ ಹೋಗಬಾರದೆಂದು ಅವರೇ ಕೂರಿಸಿ ಕಾಫಿ ತಂದರು. ಅವರ ಮಗಳು ಕವಿತಾ ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದಳು. "ಯಾವಾಗ್ಲೂ ಅದೇ ಮೇಣದಬತ್ತಿ ಆಟ ಸಾರ್. ಯಾರು ಮಾಡಿದಾರೋ, ಬಿಟ್ಟು ಏಳೋದೇ ಇಲ್ಲ ಇವ್ಳು."

ನನ್ನ ಪುಟ! ಎದೆ ಉಬ್ಬಿತು. ಇಷ್ಟು ಸಂತೋಷ ನನಗೆ ಬಣ್ಣದ ಕಾಗದದಿಂದಲೂ ಆಗಿರಲಿಲ್ಲ. ಆದರೆ ನಾನೇ ಮಾಡಿದ್ದು ಎಂದು ಹೇಳುವುದು ಹೇಗೆ? ಸಂಕೋಚದಿಂದ ಅದರಲ್ಲಿ ನನ್ನ ಹೆಸರೂ ಹಾಕಿರಲಿಲ್ಲ, ಕಾಲೇಜಿನ ಹೆಸರೂ ಹಾಕಿರಲಿಲ್ಲ. "ನೀವೂ ಆಡಿ ಅಂಕಲ್" ಎಂದು ಹುಡುಗಿ ಮೊಬೈಲು ಕೊಟ್ಟಳು. ಮೇಣದಬತ್ತಿಯನ್ನು ಮಸೂರದ ತೀರಾ ಹತ್ತಿರ ತಂದರೆ ಬಿಂಬ ನೆಟ್ಟಗೋ ತಲೆಕೆಳಗೋ ಎಂಬುದು ಪ್ರಶ್ನೆ. ಭೌತಶಾಸ್ತ್ರದವನು ನಾನು, "ನೆಟ್ಟಗೆ" ಎಂಬುದನ್ನು ಒತ್ತಿದೆ. ತಪ್ಪು ಎಂದು ಕೆಂಪಗೆ ಬಂತು. ಪುಟವನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮಾತ್ರ ನೋಡಿದ್ದೆ. ಮೊಬೈಲಿನ ಸಣ್ಣ ಪರದೆಯಲ್ಲಿ ಗುಂಡಿಗಳು ಒಂದರ ಮೇಲೊಂದು ಕೂತು, ಮೇಲಿನದನ್ನು ಒತ್ತಿದರೆ ಕೆಳಗಿನದನ್ನು ಒತ್ತಿದಂತಾಗುತ್ತಿತ್ತು. ಮುಂದಿನ ಪ್ರಶ್ನೆಯೂ ತಪ್ಪು. ಅದರ ಮುಂದಿನದೂ ತಪ್ಪು. ಗಾಬರಿಯಿಂದ "ಸಾಕು" ಒತ್ತಿದೆ. ಅದರ ಕಥೆ ನಿಮಗೆ ಗೊತ್ತೇ ಇದೆ.

ತಾಯಿ ಮಗಳು ಇಬ್ಬರೂ ನನ್ನ ಬೆರಳನ್ನೇ ನೋಡುತ್ತಿದ್ದರು. ಹುಡುಗಿ ಮೆಲ್ಲಗೆ, "ಪರವಾಗಿಲ್ಲ ಅಂಕಲ್, ಮೊದಮೊದಲು ನಂಗೂ ಬರ್ತಿರ್ಲಿಲ್ಲ" ಎಂದಳು. ಸೆಲ್ವಿಯವರ ಕಣ್ಣಿನಲ್ಲಿ ನಿಜವಾದ ಮರುಕವಿತ್ತು. "ಕಾಲೇಜಲ್ಲೇ ಇದ್ದುಕೊಂಡು ಇಷ್ಟು ಗೊತ್ತಿಲ್ಲ ಅಂದ್ರೆ ಹೆಂಗೆ ಸಾರ್? ಭಾನುವಾರ ಬನ್ನಿ, ಇವ್ಳು ಹೇಳಿಕೊಡ್ತಾಳೆ. ಫೀಸ್ ಏನೂ ಬೇಡ." ನಾನು ಸರಿ ಎಂದು ತಲೆಯಾಡಿಸಿ, ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡು ಬಸ್ಸು ಹತ್ತಿದೆ. ಅಡ್ಮಿಷನ್ ಮಾಡಿಸಲು ಹೋದವನು ನಾನೇ ಅಡ್ಮಿಷನ್ ಆಗಿ ಬಂದೆ.