ಹೊದಿಕೆಯ ಮೂಲೆಯಲ್ಲಿ ಮೊಳೆತ ಜೋಳ

ಶ್ರೇಯಾ, ಓಂಕಾರ, ನಿಮ್ಮ ಆಜಿಗೆ ಇರುವುದು ಎರಡೇ ದನಿ. ಒಂದು, ಹೊರಗಿನವರ ಮುಂದೆ ಮಾತಾಡುವ ದನಿ. ಅದು ನನ್ನ ಸೆರಗು ದಾಟಿ ಆಚೆ ಹೋಗುವುದಿಲ್ಲ. ಇನ್ನೊಂದು, ಚಿಕ್ಕವಳಿದ್ದಾಗ ಕುರನೂರಿನ ಹೊಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಜೋಳದ ತೆನೆಗೆ ಬೀಳುವ ಹಕ್ಕಿಗಳನ್ನು ಓಡಿಸುತ್ತಿದ್ದ ದನಿ. ಇವೆರಡರ ನಡುವಿನದೊಂದನ್ನು ಕೊಡಲು ದೇವರು ಮರೆತ. ನಮ್ಮೂರಿನ ಶಾಲೆಯ ಮಾಸ್ತರರೂ ಕಲಿಸಲಿಲ್ಲ. ನಿಮ್ಮ ಅಜ್ಜನಿಗಂತೂ "ಏನಂದಿ?" ಎಂದು ನನ್ನನ್ನು ಕೇಳುತ್ತಲೇ ಆಯುಷ್ಯ ಕಳೆಯಿತು.

ಅವರು ಹೋದ ಮೇಲೆ ನಾನು ಟಿವಿಯ ಮುಂದೆ ಕುಳಿತು, ಧಾರಾವಾಹಿಯ ಅತ್ತೆಯರಿಗೆ ಬುದ್ಧಿ ಹೇಳತೊಡಗಿದೆ. ನಿಮ್ಮ ಮಮ್ಮಿ ನೋಡುವಷ್ಟು ನೋಡಿದಳು. "ಟಿವಿ ಸಂಗಾಟ ಮಾತಾಡೂದಕ್ಕಿಂತ ಮಂದಿ ಸಂಗಾಟ ಮಾತಾಡ್ರಿ ಅತ್ತಿ" ಎಂದು ಸೊಲ್ಲಾಪುರದ ನಮ್ಮ ಹೌಸಿಂಗ್ ಸೊಸೈಟಿಯ ಹಾಲಿಗೆ ನನ್ನನ್ನು ದಬ್ಬಿದಳು. ಅಲ್ಲಿ ಹೆಂಗಸರು ಸೇರಿ ಉಣ್ಣೆಯಲ್ಲಿ ಚೌಕಗಳನ್ನು ಹೆಣೆಯುತ್ತಿದ್ದರು. ಆ ಚೌಕಗಳನ್ನು ಜೋಡಿಸಿ ಹೊದಿಕೆ ಮಾಡಿ ಅಕ್ಕಲಕೋಟೆಯ ಒಂದು ವೃದ್ಧಾಶ್ರಮಕ್ಕೆ ಕೊಡುವುದಿತ್ತು. "ಆಜಿ, ಸೊಲ್ಲಾಪುರದಾಗ ಎಲ್ಲಿ ನೋಡಿದ್ರೂ ಚಾದರ. ದುಕಾನಕ್ಕ ಹೋಗಿ ತಂದ್ರ ಆತಲ್ಲ?" ಎಂದು ಓಂಕಾರ ಕೇಳಿದ್ದು ಸರಿಯೇ. ಆದರೆ ದೇಶಪಾಂಡೆ ಬಾಯಿಯವರಿಗೆ ಅದನ್ನು ಹೇಳುವವರು ಯಾರು? ಈ ಹೆಣಿಗೆಯ ಮುಂದಾಳು ಅವರೇ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಉಣ್ಣೆಯೂ ಅವರ ಮುಂದೆ ನೆಟ್ಟಗೆ ಕೂರುತ್ತಿತ್ತು.

ನನ್ನ ಕೈ ಮಾತ್ರ ಕೂರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ರೊಟ್ಟಿ ಬಡಿದ ಕೈ ಅದು. ನಾಲ್ಕು ಮೂಲೆಯ ವಸ್ತು ಅದಕ್ಕೆ ಒಗ್ಗಲೇ ಇಲ್ಲ. ಚೌಕ ಶುರುಮಾಡಿದರೆ ಮೂಲೆಗಳು ತಾವಾಗಿ ಕರಗಿ ದುಂಡಗಾಗುತ್ತಿದ್ದವು. ದೇಶಪಾಂಡೆ ಬಾಯಿ ನನ್ನದೊಂದನ್ನು ಎತ್ತಿ ಹಿಡಿದು, "ಆಜಿ, ಹೇ ಚೌಕೋನ ಆಹೇ ಕೀ ಭಾಕ್ರಿ?" ಎಂದರು. ಚೌಕವೋ ರೊಟ್ಟಿಯೋ ಎಂದು ಎಲ್ಲರೂ ನಕ್ಕರು. ನಾನೂ ಒಂದು ತಕ್ಕ ಉತ್ತರ ಕೊಟ್ಟೆ, ಸೆರಗಿನೊಳಗೆ. ಕೊನೆಗೆ, ನನಗೆ ಕೌದಿ ಹೊಲಿಯಲು ಬರುತ್ತದೆಂದು ತಿಳಿದು, ಬೇರೆಯವರ ಚೌಕಗಳನ್ನು ಜೋಡಿಸಿ ಅಂಚು ಕಟ್ಟುವ ಕೆಲಸ ಒಪ್ಪಿಸಿದರು.

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದರೆ ಅದು ಕೌದಿ. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು. ಹಸಿದ ಕೌದಿಯನ್ನು ಯಾರ ಮೈಮೇಲೂ ಹೊದಿಸಬಾರದೆಂದು ನನ್ನ ಅವ್ವನ ಕಟ್ಟಪ್ಪಣೆ. ಉಣ್ಣೆಯ ಹೊದಿಕೆ ತೂತುತೂತು, ಕಾಳು ನಿಲ್ಲುವುದಿಲ್ಲ. ಅದಕ್ಕೆ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಮಾಡಿ, ಜೋಳ ತುಂಬಿ, ಒಂದೊಂದು ಹೊದಿಕೆಯ ಮೂಲೆಗೆ ಒಂದೊಂದು ಹೊಲಿದೆ. ಕದ್ದು ಮಾಡಿದ್ದಲ್ಲ ಮಕ್ಕಳೇ. ದೇಶಪಾಂಡೆ ಬಾಯಿಯವರಿಗೆ ಹೇಳಿಯೇ ಮಾಡಿದ್ದು. ಹೇಳಿದ್ದು ಮೊದಲನೆಯ ದನಿಯಲ್ಲಿ. ಅವರು "ಹೋ ಹೋ, ಛಾನ್!" ಎಂದು ಮೆಚ್ಚಿ ತಲೆಯಾಡಿಸಿ ಮುಂದೆ ಹೋದರು.

ಶ್ರಾವಣ ಬಂತು. ಕೊಡುವ ವಸ್ತು ಶುಭ್ರವಾಗಿರಲಿ ಎಂದು ದೇಶಪಾಂಡೆ ಬಾಯಿ ಹೊದಿಕೆಗಳನ್ನೆಲ್ಲ ಒಗೆಸಿದರು. ಮೋಡ ಕವಿದ ದಿನಗಳು. ಅರ್ಧ ಒಣಗುವುದರೊಳಗೆ ಮಡಚಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಿಗಿಯಾಗಿ ಕಟ್ಟಿಸಿದರು. ಮೂರ್ನಾಲ್ಕು ದಿನ ಬಿಟ್ಟು ಟೆಂಪೋದಲ್ಲಿ ಹೇರಿಕೊಂಡು ಅಕ್ಕಲಕೋಟೆಗೆ ಹೋದೆವು.

ಆಶ್ರಮದ ಪಡಸಾಲೆಯಲ್ಲಿ ಮುದುಕ ಮುದುಕಿಯರು ಸಾಲಾಗಿ ಕುಳಿತಿದ್ದರು. ದೇಶಪಾಂಡೆ ಬಾಯಿ ಮೊದಲ ಹೊದಿಕೆಯನ್ನು ಗಂಗವ್ವ ಎಂಬ ಅಜ್ಜಿಯ ಮಡಿಲಿಗೆ ಬಿಡಿಸಿ ಹಾಕಿದರು. ಹಾಕಿದವರೇ "ಅಗ ಬಾಯಿ!" ಎಂದು ಹಾರಿ ಹಿಂದೆ ಸರಿದರು. ಮೂಲೆಯಿಂದ ಬೆಳ್ಳಗೆ, ಉದ್ದಕ್ಕೆ, ಸುರುಳಿ ಸುರುಳಿಯಾಗಿ ಏನೋ ಹೊರಬಂದಿತ್ತು. ಎರಡನೆಯ ಚೀಲ ಬಿಚ್ಚಿದರೂ ಅದೇ.

"ಹುಳಾ ಹತ್ಯಾವ್ರಿ!" ಎಂದು ಆಶ್ರಮದ ಮ್ಯಾನೇಜರ್ ಮೂಗು ಮುಚ್ಚಿಕೊಂಡ. "ಒಂದೂ ಒಳಗ ಬ್ಯಾಡ. ಎಲ್ಲಾ ಒಯ್ದು ಸುಟ್ಟು ಬಿಡ್ರಿ."

ಬೇಸಿಗೆಯುದ್ದಕ್ಕೂ ಬೆವರು ಒರೆಸಿಕೊಳ್ಳುತ್ತ ಹೆಣೆದ ಹೆಂಗಸರ ಮುಖ ನೋಡಲಾಗಲಿಲ್ಲ. ಗಂಗವ್ವ ಮಾತ್ರ ಹೊದಿಕೆ ಬಿಡಲೊಲ್ಲಳು. "ನನಗ ಥಂಡಿ ಅದ. ಹುಳಾ ಇದ್ರ ಇರ್ಲಿ, ನನಗೂ ಜೋಡಿ ಆಗ್ತಾವ" ಎಂದು ಎದೆಗೊತ್ತಿಕೊಂಡಳು. ನಾನು "ಅದು ಜೋಳಾರಿ" ಎಂದೆ. ಪಕ್ಕದವಳಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಅಂದೆ. ಮ್ಯಾನೇಜರ್ ಹೊದಿಕೆಯ ತುದಿ ಹಿಡಿದು ಜಗ್ಗಿದ. ಆಗ, ನಾನು ಕರೆಯದೆಯೇ, ಎರಡನೆಯ ದನಿ ಬಂತು.

"ಹೋಯ್ಯ್ಯ್! ಬಿಡೋ! ಹುಳಾ ಅಲ್ಲದು, ಜೋಳಾ!"

ಮಾಳಿಗೆಯ ಪಾರಿವಾಳಗಳು ಒಮ್ಮೆಲೇ ಎದ್ದು ಹಾರಿದವು. ಟೆಂಪೋದ ಡ್ರೈವರ್ ಚಹಾದ ಕಪ್ ಕೈಬಿಟ್ಟ. ಮ್ಯಾನೇಜರ್ ಹೊದಿಕೆ ಬಿಟ್ಟು ಎರಡೂ ಕೈ ಮೇಲೆತ್ತಿದ. ಕಿವಿ ಮಂದವಾದ ಚಪಳಗಾಂವದ ಒಬ್ಬ ಮುದುಕ ಮಾತ್ರ ಸಂತೋಷದಿಂದ, "ಈ ಬಾಯಿಯವರು ಭಾಳ ಸಾಫ್ ಮಾತಾಡ್ತಾರ ನೋಡ್ರಿ" ಎಂದ.

ಗಂಗವ್ವ ಚೀಲವನ್ನು ಹಿಸುಕಿ ನೋಡಿದಳು. "ಹೊಟ್ಟಿ ತುಂಬಿಸ್ಯಾಳ! ನಮ್ಮವ್ವನೂ ಹಿಂಗ ಮಾಡ್ತಿದ್ಲು," ಎಂದವಳು ನನ್ನ ಕಡೆ ತಿರುಗಿ, "ಆದ್ರ ಆಕಿ ನೀರು ಹಾಯಿಸ್ತಿದ್ದಿಲ್ಲ ಯವ್ವಾ!" ಎಂದಳು. ಪಡಸಾಲೆಯೆಲ್ಲ ನಗೆ. ಚಪಳಗಾಂವದ ಮುದುಕನ ಹೊದಿಕೆಯಲ್ಲಿ ಮೊಳಕೆ ಬಂದಿರಲಿಲ್ಲ. "ನನ್ನ ಹೊಲಾ ಯಾಕ ಬರಡಾತು? ಬದ್ಲಿ ಮಾಡಿಕೊಡ್ರಿ" ಎಂದು ಅವನು ಹಟ ಹಿಡಿದ. ಮ್ಯಾನೇಜರ್ ಸೋತು, ಹೊದಿಕೆಗಳನ್ನು ಕಾಂಪೌಂಡ್ ಗೋಡೆಯ ಮೇಲೆ ತಾನೇ ಬಿಸಿಲಿಗೆ ಹರವಿದ. ಸಂಜೆಗೆ ಎಲ್ಲವೂ ಒಳಗೆ ಹೋದವು.

ಈಗ ಪ್ರತಿ ಹೊದಿಕೆಗೂ ಜೋಳ ಕಡ್ಡಾಯ. ನಾನು ಎದ್ದು ನಿಂತು ಅದರ ಕಥೆ ಹೇಳುವುದೂ ಕಡ್ಡಾಯ. ದೇಶಪಾಂಡೆ ಬಾಯಿ ಮೈಕು ಹಿಡಿದು "ಆಜಿ, ತೋ ದುಸ್ರಾ ಆವಾಜ!" ಎಂದು ಪಿಸುಗುಡುತ್ತಾರೆ. ಆದರೆ ಹಕ್ಕಿಯೇ ಇಲ್ಲದ ಹಾಲಿನಲ್ಲಿ ಆ ಎರಡನೆಯ ದನಿ ಎಲ್ಲಿಂದ ಬರಬೇಕು? ಮೈಕಿಗೂ ನಾನು ಹೇಳಿದ್ದು ಕೇಳಿಸುವುದಿಲ್ಲ.

ಅದಕ್ಕೇ ಬರೆದಿಟ್ಟೆ. ಕಾಗದ ಒಂದೇ "ಏನಂದಿ?" ಎಂದು ಕೇಳುವುದಿಲ್ಲ. ನೀವು ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಅವಸರವಿಲ್ಲ, ದೊಡ್ಡವರಾದ ಮೇಲೆ ಓದಿದರೂ ಆದೀತು. ಅಲ್ಲಿಯ ತನಕ ಈ ಹಾಳೆಗಳನ್ನು ಜೋಪಾನವಾಗಿಡಿ. ಎಲ್ಲಾದರೂ ಇಡಿ, ಒದ್ದೆ ಮಾತ್ರ ಮಾಡಬೇಡಿ. ಕೊನೆಯ ಹಾಳೆಯ ಮೂಲೆಯನ್ನು ಮಡಚಿ ಹೊಲಿದಿದ್ದೇನೆ.