ಕರ್ನಲ್ಲೋ, ಕರ್ನೂಲೋ?

ನಿಘಂಟಿನಲ್ಲಿ ಶಾಕ್ ಎಂಬುದಕ್ಕೆ ಆಘಾತ ಎಂದು ಅರ್ಥ ಕೊಟ್ಟಿರುತ್ತಾರೆ. ಬರೆದವರಿಗೆ ಒಮ್ಮೆಯೂ ಕರೆಂಟು ಹೊಡೆದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಘಾತವಾದವನು ಕುರ್ಚಿಯಲ್ಲಿ ಕುಸಿದು ಕೂರುತ್ತಾನೆ, ಯಾರಾದರೂ ಓಡಿಬಂದು ನೀರು ಕೊಡುತ್ತಾರೆ. ಶಾಕ್ ಹೊಡೆದವನು ಕುರ್ಚಿಯಿಂದ ಎಗರಿ ನಿಲ್ಲುತ್ತಾನೆ, ನೀರು ಕೊಡಬೇಕಾದವರು ದೂರ ನಿಂತು ನಗುತ್ತಾರೆ. ನನ್ನ ಮನೆಯ ಕಂಪ್ಯೂಟರಿನ ದಯೆಯಿಂದ ಎರಡೂ ಬಗೆ ನನಗೆ ಚೆನ್ನಾಗಿ ಪರಿಚಯ. ಒಮ್ಮೆಯಂತೂ ಅದು ಬಳ್ಳಾರಿಯಲ್ಲಿ ಕೂತುಕೊಂಡೇ ಸಿರುಗುಪ್ಪಕ್ಕೆ ಶಾಕ್ ಕೊಟ್ಟು, ಅಲ್ಲಿಂದ ಕರ್ನೂಲಿಗೂ ಮುಟ್ಟಿಸಿತು. ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದು ಮೈನ್ಸಿನ, ಅಂದರೆ ಅದಿರಿನ ಗಣಿಗಳ ಕಾಲ. ಬಳ್ಳಾರಿಯಲ್ಲಿ ಯಾರನ್ನು ಮಾತಾಡಿಸಿದರೂ "ಮೈನ್ಸ್ ಕಡಿ ಸ್ವಲ್ಪ ವ್ಯವಹಾರ ಐತ್ರಿ" ಎನ್ನುತ್ತಿದ್ದರು. ಹಲ್ಲು ಕೀಳುವ ಡಾಕ್ಟರು ಬಾಯಿಗೆ ಇಕ್ಕಳ ಹಾಕಿಕೊಂಡೇ ಅದಿರಿನ ರೇಟು ಹೇಳುತ್ತಿದ್ದರು. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನನ್ನ ಬಿಳಿ ಅಂಗಿ ಕೆಂಪಾಗಿರುತ್ತಿತ್ತು. ಮೈನ್ಸಿನಿಂದ ನನಗೆ ಬಂದ ಪಾಲು ಅಷ್ಟೇ. ಆದರೂ ಊರಿಗೆಲ್ಲ ಏರಿದ ಅಮಲು ನನ್ನೊಬ್ಬನನ್ನು ಬಿಡುತ್ತದೆಯೆ? ಮಿಕ್ಕವರು ಕಾರು ಕೊಂಡರು. ನಾನು ಅಮೆರಿಕದ ಮ್ಯಾಕ್ ಕಂಪ್ಯೂಟರ್ ಕೊಳ್ಳಬೇಕೆಂದುಕೊಂಡೆ. ಚಿತ್ರ ಬರೆಯುವವರಿಗೆ ಅದೇ ಆಗಬೇಕು ಎಂದು ಯಾರೋ ಹೇಳಿದ್ದರು. ಬೆಲೆ ಕೇಳಿದೆ. ಅದು ಮೊದಲನೆಯ ಶಾಕ್.

ಆಗ ಸಿಕ್ಕಿದವನು ಮಹಬೂಬ. ಬಿಡಿ ಪಾರ್ಟು ತಂದು ಕಂಪ್ಯೂಟರ್ ಜೋಡಿಸಿಕೊಡುವುದು ಅವನ ಕಸುಬು, ಅದಕ್ಕಿಂತ ಹೆಚ್ಚಾಗಿ ಮಾತು ಅವನ ಕಸುಬು. "ಸರ, ಕಂಪನಿ ಮ್ಯಾಕ್ ಯಾಕ ಬೇಕ್ರಿ? ಸಾದಾ ಪಾರ್ಟಿನಾಗ ನಾನ ಕಟ್ಟಿಕೊಡ್ತೀನಿ. ಮೈ ಬಳ್ಳಾರಿದು, ರೂಹು ಅಮೆರಿಕಾದ್ದು!" ಎಂದ. ರೂಹು ಎಂದರೆ ಆತ್ಮ, ಇಲ್ಲಿ ಮ್ಯಾಕಿನ ಸಾಫ್ಟ್‌ವೇರು. ಹಾಗೆ ಒಂದು ಕರೀ ಡಬ್ಬಿಯೊಳಗೆ ಅಮೆರಿಕದ ಆತ್ಮ ಬಂದು ಸೇರಿತು. ಮೇಲೊಂದು ಕಚ್ಚಿದ ಸೇಬುಹಣ್ಣಿನ ಸ್ಟಿಕ್ಕರನ್ನೂ ಅವನೇ ಅಂಟಿಸಿದ. ಕಚ್ಚಿದ ಗುರುತು ಎಡಗಡೆ ಇತ್ತು. "ಅಸಲಿದು ಬಲಗಡಿ ಇರತೈತಲ್ಲೋ?" ಎಂದರೆ, "ಇದನ್ನ ಕಚ್ಚಿದಾವ ಎಡಚ ಇರಬೇಕು, ಬಿಡ್ರಿ ಸರ" ಎಂದು ನನ್ನ ಬಾಯಿ ಮುಚ್ಚಿಸಿದ.

ಡಬ್ಬಿ ಮುಟ್ಟಿದರೆ ಜುಮ್ಮೆಂದು ಹೊಡೆಯುತ್ತಿತ್ತು. ಮನೆಗೆ ಅರ್ಥಿಂಗ್ ಇಲ್ಲ ಎಂದು ಮಹಬೂಬ ತೀರ್ಪು ಕೊಟ್ಟ. ಜಿಲ್ಲೆಯ ಭೂಮಿಯನ್ನೆಲ್ಲ ಅಗೆದು ಲಾರಿಗಟ್ಟಲೆ ಹಡಗಿಗೆ ತುಂಬುತ್ತಿದ್ದ ದಿನಗಳಲ್ಲಿ, ನನ್ನ ಮನೆಯ ಪ್ಲಗ್ಗಿಗೆ ಮಾತ್ರ ಭೂಮಿಯ ಸಂಪರ್ಕ ಇರಲಿಲ್ಲ ನೋಡಿ! ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಹೊಸ ಮಡಿ ಶುರುವಾಯಿತು. ದೇವರ ಮುಂದೆ ಚಪ್ಪಲಿ ಬಿಟ್ಟು ಹೋಗಬೇಕು, ಕಂಪ್ಯೂಟರಿನ ಮುಂದೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಬೇಕು. ಸಿರುಗುಪ್ಪದಿಂದ ಮಾವನವರು ಬಂದಾಗ ಅದನ್ನು ದೂರದಿಂದಲೇ ತೋರಿಸಿ, "ಒರಿಜಿನಲ್ ಮ್ಯಾಕ್ ಮಾವ, ಅಮೆರಿಕಾದ್ದು" ಎಂದೆ. ನನ್ನ ಹೆಂಡತಿ ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು.

ಆ ವರ್ಷ ನನ್ನ ನಾದಿನಿ ಗೌರಿಯ ಮದುವೆ ಗೊತ್ತಾಯಿತು. ಹುಡುಗ ಕರ್ನೂಲಿನವನು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಬಂದ ವರಗಳಲ್ಲೆಲ್ಲ ಒಂದೊಂದು ಕೊಂಕು ತೆಗೆದು ಅಪ್ಪನನ್ನು ಹಣ್ಣು ಮಾಡಿದ್ದ ಗೌರಿ, ಇವನನ್ನು ನೋಡಿದ ಮೇಲೆ ಬಾಯಿ ಮುಚ್ಚಿದ್ದಳು. ಫೋನು ಬಂದರೆ ಎಲ್ಲರಿಗಿಂತ ಮೊದಲು ಓಡುತ್ತಿದ್ದಳು. ಮಾವ ನನ್ನನ್ನು ಕರೆದು, "ಅಳಿಯಂದ್ರ, ಕಾರ್ಡು ನೀವ ಮಾಡಬೇಕು. ಮೈನ್ಸ್‌ನೋರ ಮನಿ ಕಾರ್ಡಿನಂಗ ಇರಬೇಕು, ಕರ್ನೂಲಿನೋರು ದಂಗಾಗಬೇಕು" ಎಂದರು. ಸಿರುಗುಪ್ಪದ ಬಳಿಯ ಕರೂರಿನ ಕಾಲುವೆ ಕೆಳಗೆ ಬತ್ತ ಬೆಳೆಯುವವರಿಗೆ ಮೈನ್ಸ್‌ನವರ ಕಾರ್ಡು ಯಾಕಪ್ಪಾ ಎಂದು ಆಗಲೇ ಕೇಳಬಹುದಿತ್ತು. ನನಗೂ ಅಂಥ ಕಾರ್ಡು ಮಾಡುವ ಹುಚ್ಚಿತ್ತು, ಕೇಳಲಿಲ್ಲ. ಕನ್ನಡ, ತೆಲುಗು ಎರಡೂ ಅಕ್ಷರಗಳನ್ನು ಕೈಯಲ್ಲೇ ಬರೆದು, ಸ್ಕ್ಯಾನ್ ಮಾಡಿ, ಸುತ್ತ ಬಂಗಾರದ ಬಣ್ಣದ ಆನೆಗಳನ್ನು ನಿಲ್ಲಿಸಿದೆ. ಆನೆ ಎಷ್ಟಾದವೆಂದರೆ ವಧೂವರರ ಹೆಸರು ಹಾಕಲು ಜಾಗ ಹುಡುಕಬೇಕಾಯಿತು.

ಮಹಬೂಬ ಒಂದು ಎಚ್ಚರಿಕೆ ಕೊಟ್ಟಿದ್ದ. "ಅಪ್‌ಡೇಟ್ ಮಾಡ್ಲೇನು ಅಂತ ಅದು ಕೇಳತೈತಿ ಸರ. ಬ್ಯಾಡಂತನ ಒತ್ರಿ. ಯಾಮಾರಿ ಹ್ಞೂ ಅಂದೀರಿ!" ಅದು ದಿನಾ ಕೇಳುತ್ತಿತ್ತು, ಅದೂ ಎಷ್ಟು ಮರ್ಯಾದೆಯಿಂದ! ನಮ್ಮ ಸ್ಕೂಲಿನಲ್ಲಿ ಯಾರೂ ನನ್ನನ್ನು ಏನನ್ನೂ ಹಾಗೆ ಕೇಳಿದವರಲ್ಲ. ಒಬ್ಬರು ಅಷ್ಟು ವಿನಯದಿಂದ ಕೇಳುತ್ತಿರುವಾಗ ದಿನಾ ಬೇಡ ಬೇಡ ಎನ್ನುವುದು ಹೇಗೆ? ಕಾರ್ಡು ಮುಗಿದ ಖುಷಿಯಲ್ಲಿ, ದಾಕ್ಷಿಣ್ಯಕ್ಕೆ ಬಿದ್ದು, ಹ್ಞೂ ಎಂದು ಒತ್ತಿಬಿಟ್ಟೆ. ಕಂಪ್ಯೂಟರು ಆರಿ ಮತ್ತೆ ಹೊತ್ತಿಕೊಂಡಿತು. ಪರದೆಯ ಮೇಲಿನಿಂದ ಕೆಳಕ್ಕೆ ಬೂದುಬಣ್ಣದ ತೆರೆಯೊಂದು ಮೆಲ್ಲಗೆ ಇಳಿಯಿತು. ಮಧ್ಯದಲ್ಲಿ ನಾಲ್ಕು ಭಾಷೆಗಳಲ್ಲಿ ಏನೋ ಬರೆದಿತ್ತು. ಬಳ್ಳಾರಿಯಲ್ಲಿ ಬದುಕಲು ಬೇಕಾದ ಕನ್ನಡ, ತೆಲುಗು, ಉರ್ದು ಮೂರರಲ್ಲಿ ಒಂದೂ ಅದರಲ್ಲಿರಲಿಲ್ಲ. ಕೂಡಲೇ ಮಹಬೂಬನನ್ನು ಕರೆಸಿದೆ.

ಮಹಬೂಬ ಬಂದು ಡಬ್ಬಿ ಬಿಚ್ಚಿದ. ಒಳಗೆ ನೋಡಿದವನೇ ಹೌಹಾರಿದ. "ಯಾ ಅಲ್ಲಾ! ಸರ, ಇದರಾಗೂ ಮೈನ್ಸ್ ಐತ್ರೀ!" ಬ್ಲೋವರ್ ಹಿಡಿದು ಊದಿದ. ಕೆಂಪು ಧೂಳು ಕಿಟಕಿ ದಾಟಿ ಸುಮಂಗಲಾ ಒಗೆದು ಹರವಿದ್ದ ಚಾದರದ ಮೇಲೆ ಕೂತಿತು. ಮಹಬೂಬ ಒಳಗಿನ ಮೆಮೊರಿ ಪಟ್ಟಿಯೊಂದನ್ನು ಕಿತ್ತು, "ರಬ್ಬರ್ ಕೊಡ್ರಿ" ಎಂದು ನನ್ನ ಡ್ರಾಯಿಂಗ್ ರಬ್ಬರಿನಿಂದಲೇ ಅದರ ಅಂಚನ್ನು ತಿಕ್ಕಿ, ಮತ್ತೆ ಸಿಕ್ಕಿಸಿ, ಬಿಸ್ಮಿಲ್ಲಾ ಎಂದು ಆನ್ ಮಾಡಿದ. ಕರೀ ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿದವು. ಮತ್ತೆ ಅದೇ ತೆರೆ. "ಇದಕ್ಕ ಕರ್ನಲ್ ಪ್ಯಾನಿಕ್ ಅಂತಾರ ಸರ. ಕರ್ನಲ್ ಅಂದ್ರ ಒಳಗಿನ ಯಜಮಾನ, ಪ್ಯಾನಿಕ್ ಅಂದ್ರ ಗಾಬರಿ. ಅಪ್‌ಡೇಟ್ ಬಂದು ಒಳಗೆಲ್ಲಾ ನೋಡೇತಿ. ಇದು ಒರಿಜಿನಲ್ ಅಲ್ಲಂತ ಗೊತ್ತಾಗೈತಿ. ಚಿತ್ರ ತೋರಸೋ ಈ ಗ್ರಾಫಿಕ್ಸ್ ಕಾರ್ಡಿನ ಮ್ಯಾಲ ನನಗ ಡೌಟು."

ಸರಿಯಾಗಿ ಆಗಲೇ ಮಾವನವರ ಫೋನು ಬಂತು. ಅವರು ಗದ್ದೆಯಲ್ಲಿದ್ದರು, ಹಿಂದೆ ಬತ್ತದ ಮಷಿನ್ನಿನ ಆರ್ಭಟ.

"ಅಳಿಯಂದ್ರ, ಕಾರ್ಡಿನ ಕೆಲಸ ಏನಾತು?"

"ನಿಂತೈತ್ರಿ ಮಾವ. ಕರ್ನಲ್ ಪ್ಯಾನಿಕ್ ಆಗೈತಿ."

"ಏನು, ಕರ್ನೂಲಾ?"

"ಹ್ಞೂ ಮಾವ, ಕರ್ನಲ್. ನಿನ್ನಿ ತನಕ ಚಲೋ ಇತ್ತು. ಈಗ ಒಮ್ಮಿಗೇ ತೆರಿ ಎಳಕೊಂಡು ಕುಂತೈತಿ."

"ಯಾಕಂತ?" ಎಂದರು ಮಾವ.

"ಒರಿಜಿನಲ್ ಅಲ್ಲಂತ ಗೊತ್ತಾಗಿಬಿಟ್ಟೈತಂತ್ರಿ."

ಅವರ ಧ್ವನಿ ಸಣ್ಣಗಾಯಿತು. "ಕಾರಿಂದೂ ಗೊತ್ತಾತೇನು?"

ನನಗೆ ಕಾರ್ಡಿಂದು ಎಂದು ಕೇಳಿಸಿತು, ಗ್ರಾಫಿಕ್ಸ್ ಕಾರ್ಡಿನ ಮಾತು ಎಂದುಕೊಂಡೆ. "ಕಾರ್ಡಿಂದನ ಮೊದಲು ಗೊತ್ತಾಗಿದ್ದಂತ್ರಿ, ಮಹಬೂಬ ಹೇಳಾಕ ಹತ್ಯಾನ."

"ಆ ಕಂಪ್ಯೂಟರಿನ ಮಹಬೂಬಗೂ ಗೊತ್ತೈತೇನು!" ಎಂದು ಚೀರಿದರು. ಫೋನು ಕಟ್ಟಾಯಿತು.

ಮಾವನವರಿಗೆ ನನ್ನ ಕಂಪ್ಯೂಟರಿನ ಮೇಲೆ ಇಷ್ಟು ಅಕ್ಕರೆಯೆ ಎಂದು ನಾನು ಕರಗಿಹೋದೆ. ಸ್ವಲ್ಪ ಹೊತ್ತಿಗೆ ಸುಮಂಗಲಾ ತನ್ನ ಫೋನು ಹಿಡಿದು ಬಾಗಿಲಲ್ಲಿ ನಿಂತಳು. ಮುಖ ಬಿಳುಚಿಕೊಂಡಿತ್ತು. "ರೀ, ಕರ್ನೂಲಿನೋರು ಮದಿವಿ ಬ್ಯಾಡಂದ್ರಂತ? ನಿಮಗ ಹೇಳಿದ್ರಂತ? ಅವ್ವ ಅಳಾಕ ಹತ್ಯಾಳ!" ಎಳೆ ಎಳೆಯಾಗಿ ಬಿಡಿಸಿ ನೋಡಿದಾಗ ನಡೆದದ್ದು ತಿಳಿಯಿತು. ನಿಶ್ಚಯಕ್ಕೆ ಕರ್ನೂಲಿಗೆ ಹೋದಾಗ ಮಾವ ಒಂದು ಉದ್ದನೆಯ ಬಿಳಿ ಕಾರನ್ನು ಬಾಡಿಗೆಗೆ ಹಿಡಿದು, ಸ್ವಂತದ್ದೆಂಬಂತೆ ಇಳಿದು, "ಮೈನ್ಸ್ ಕಡಿ ಸ್ವಲ್ಪ ವ್ಯವಹಾರ ಐತಿ" ಎಂದುಬಿಟ್ಟಿದ್ದರಂತೆ. ಕರ್ನೂಲಿನವರಿಗೆ ಅದೆಲ್ಲ ಗೊತ್ತಾಗಿ ಗಾಬರಿಯಾಗಿದ್ದಾರೆ ಎಂದು ನಾನೇ ಈಗ ನನ್ನ ಬಾಯಿಂದ ಹೇಳಿದ್ದೆ! "ಅಯ್ಯೋ, ಅದು ಕರ್ನಲ್ಲು ಕಣೇ, ಕರ್ನೂಲಲ್ಲ" ಎಂದೆ. "ನಿಮ್ಮ ಕರ್ನಲ್ಲಿಗಿಷ್ಟು ಬೆಂಕಿ ಹಾಕ! ಮೊದಲು ಅಪ್ಪಗ ಫೋನ್ ಹಚ್ಚರಿ" ಎಂದಳು.

ಹಚ್ಚಿದೆ. ಬ್ಯುಸಿ. ಮತ್ತೆ ಹಚ್ಚಿದೆ. ಬ್ಯುಸಿ. ಯಾಕೆಂದರೆ ಮಾವನವರು ಆ ಹೊತ್ತಿನಲ್ಲಿ ಕರ್ನೂಲಿಗೇ ಫೋನು ಮಾಡಿ ಕಾರಿನದು, ಮೈನ್ಸಿನದು, ಕೇಳದೇ ಇದ್ದದ್ದು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು. ಕೊನೆಗೆ ಗೌರಿ ಫೋನಿಗೆ ಬಂದಳು. "ಭಾವ, ಅವ್ರು ಮನಿಯಾಗ ಮಾತಾಡಿ ನಾಳೆ ಬಳ್ಳಾರಿಗೆ ಬರ್ತಾರಂತ. ನಿಮ್ಮ ಮನಿಗೆ" ಎಂದಳು. ಅಳಲಿಲ್ಲ, ಬೈಯಲಿಲ್ಲ. ಸದಾ ನನ್ನ ಕಾಲೆಳೆಯುವ ಹುಡುಗಿ ಅಷ್ಟನ್ನೇ ಹೇಳಿ ಇಟ್ಟುಬಿಟ್ಟಳು. ನನಗೆ ಊಟ ಸೇರಲಿಲ್ಲ. ಒಂದು ಹುಡುಗಿಯ ಮದುವೆಯನ್ನು ಒಂದು ಊಕಾರದಲ್ಲಿ ಮುರಿದ ಪಾಪಿ ನಾನು ಎಂದು ನಿಜವಾಗಿಯೂ ಸಂಕಟವಾಯಿತು.

ಮರುದಿನ ಮಾವ, ಅತ್ತೆ ಸಿರುಗುಪ್ಪದಿಂದ ಬಸ್ಸಿನಲ್ಲೇ ಬಂದರು. ಕರ್ನೂಲಿನ ಬೀಗರು, ಅಂದರೆ ಹುಡುಗನ ಅಪ್ಪ ಬಂದರು, ಎತ್ತರದ ಆಳು, ಗರಿಗರಿ ಪಂಚೆ. ನಮ್ಮ ಮನೆಯಲ್ಲಿ ನಾಲ್ಕು ಜನ ಕೂರುವಂಥದ್ದು ಕಂಪ್ಯೂಟರಿನ ಕೋಣೆಯೊಂದೇ. ಅಲ್ಲಿ ಮಹಬೂಬ ಇನ್ನೂ ಡಬ್ಬಿಯ ಮುಂದೆ ಕೂತು ಬಿಡಿ ಪಾರ್ಟೊಂದನ್ನು ತಿಕ್ಕುತ್ತಲೇ ಇದ್ದ. ಹಿರಿಯರ ಮುಂದೆ ಹೇಗೆ ಹಾಕಿಕೊಳ್ಳುವುದೆಂದು ನಾನು ರಬ್ಬರ್ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಕೈಕಟ್ಟಿ ನಿಂತೆ. ಮಾವನವರು ನೆಲ ನೋಡುತ್ತಿದ್ದರು. ಬೀಗರು ತೆಲುಗು ಬೆರೆತ ಕನ್ನಡದಲ್ಲಿ ಶುರು ಮಾಡಿದರು.

"ಏನಂಡೀ, ಇದನ್ನ ಮೊದಲ ಹೇಳಬಾರದಾಗಿತ್ತಾ? ನೀವು ಮೈನ್ಸ್‌ನೋರು ಅಂದಾಗಿಂದ ನಮ್ಮನ್ಯಾಗ ಯಾರಿಗೂ ನಿದ್ದಿ ಇಲ್ಲಂಡಿ! ಆ ಕಾರು ನೋಡಿ ನಮ್ಮಾಕಿ, ಇಷ್ಟು ದೊಡ್ಡೋರಿಗೆ ನಮ್ಮ ಕೈಲೇನು ಮರ್ಯಾದಿ ಮಾಡಾಕ ಆಗತೈತಿ ಅಂತ ದಿನಾ ಅಳೋದು. ಸಂಬಂಧ ಬ್ಯಾಡ ಅಂತ ಹೇಳಾಕ ಎಷ್ಟೋ ಸಲ ಫೋನ್ ತಗಂಡು ಕೆಳಗಿಟ್ಟೀನಿ. ನಿನ್ನಿ ನಿಮ್ಮ ಫೋನ್ ಬರದಿದ್ರ ನಾನ ಮಾಡಿ ಬ್ಯಾಡ ಅಂತಿದ್ದೆ. ಬತ್ತದ ಮನಿ ಅಂದ್ರ ಸರಿಹೋತು. ನಾವೂ ಅದ ಅನ್ನ ತಿನ್ನೋರು."

ಕರ್ನೂಲಿನಲ್ಲಿ ನಿಜವಾಗಿಯೂ ಪ್ಯಾನಿಕ್ ಆಗಿತ್ತು! ಮಾವ ತಪ್ಪಾಗಿ ಕೇಳಿಸಿಕೊಂಡದ್ದೇ ಖರೆ ಸುದ್ದಿಯಾಗಿತ್ತು. ಅತ್ತೆ ಕಣ್ಣೊರೆಸಿಕೊಂಡು ಕೂಡಲೇ ಗೌರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಬಂದ ಕೂಗು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಸುಮಂಗಲಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಬಾಡಿಗೆ ಕಾರಿನ ಕಥೆಯನ್ನು ಮಾವನವರೇ ಬಣ್ಣ ಕಟ್ಟಿ ಹೇಳಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಬೀಗರ ಕಣ್ಣು ಪರದೆಯ ಮೇಲೆ ಬಿತ್ತು. ತೆರೆ ಇಳಿದೇ ಇತ್ತು. "ಇದ ಏನು ಮದಿವಿ ಕಾರ್ಡು? ನಾಲ್ಕು ಭಾಷಿ ಹಾಕೀರಿ, ನಮ್ಮ ತೆಲುಗು ಎಲ್ಲಂಡಿ?" ಎಂದರು. ಕಾರ್ಡು ಅದಲ್ಲವೆಂದೂ ಕೈಬರಹದ ಹಾಳೆ ಇನ್ನೂ ನನ್ನ ಬಳಿ ಇದೆಯೆಂದೂ ಹೇಳಿದೆ. "ಅದನ್ನ ಅಚ್ಚು ಹಾಕಿಸ್ರಿ, ಸಾಕು, ಆನಿ ಗೀನಿ ಯಾಕ" ಎಂದರು. ಆಮೇಲೆ ಸ್ಟಿಕ್ಕರನ್ನು ಬಗ್ಗಿ ನೋಡಿ, "ಅಂದಂಗ, ಇದು ಒರಿಜಿನಲ್ಲಾ?" ಎಂದು ಕೇಳಿದರು.

ಮಹಬೂಬ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಸುಮಂಗಲಾ ನೋಡಿದಳು. ನಿಜ ಹೇಳಿ ಹಗುರಾದ ಮಾವನವರು ಮಿರ್ಚಿ ಕಚ್ಚುತ್ತ ನೋಡಿದರು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವಂತಿರಲಿಲ್ಲ.

"ಒರಿಜಿನಲ್ರಿ, ಅಮೆರಿಕಾದ್ದು" ಎಂದು ಅಭಿಮಾನದಿಂದ ಡಬ್ಬಿಯ ಮೇಲೆ ಕೈಯಿಟ್ಟೆ. ಬರಿಗಾಲಲ್ಲಿದ್ದೆ ಎಂಬುದು ನೆನಪಾಗುವಷ್ಟರಲ್ಲಿ ನಾನು ಒಂದು ಕಡೆ, ಮಂಡಕ್ಕಿಯ ತಟ್ಟೆ ಇನ್ನೊಂದು ಕಡೆ ಹಾರಿದ್ದೆವು. ಬೀಗರು ಗಾಬರಿಯಿಂದ ಎದ್ದು ನಿಂತರು.

"ಅಂಜಬ್ಯಾಡ್ರಿ, ಕುಂದರ್ರಿ" ಎಂದಳು ಸುಮಂಗಲಾ, ಮಂಡಕ್ಕಿ ಬಳಿಯುತ್ತ. "ಸುಳ್ಳು ಹೇಳಿದ್ರ ಹೊಡಿಯೋ ಮಷಿನ್ನು ಇಡೀ ಬಳ್ಳಾರ್ಯಾಗ ಇದೊಂದ ಐತಿ."

ಮಾವನವರು ಸದ್ದಾಗದಂತೆ ತಮ್ಮ ಕುರ್ಚಿಯನ್ನು ಅದರಿಂದ ದೂರ ಎಳೆದುಕೊಂಡರು. ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದೆ.