ನೀಲಿ ಕಂಬಕ್ಕೂ ಕೆಂಪು ಕಂಬಕ್ಕೂ ನಡುವೆ ಸಿಕ್ಕಿಬಿದ್ದ ನಮ್ಮ ಮನೆಯ ವಿಚಾರ

ಜನಸಮುದಾಯ ತುಲನಾ ಕೇಂದ್ರದ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕಚೇರಿಯ ಸಮಸ್ತ ಗಣಕಯಂತ್ರಗಳೂ ಕ್ಷೇಮವಾಗಿದ್ದೀರೆಂದು ನಂಬಿ, ಸಿಡ್ನಿಯ ಪಶ್ಚಿಮದಂಚಿನ ಬಡಾವಣೆಯೊಂದರ ನಿವಾಸಿಯೂ, ವಿಮಾನ ನಿಲ್ದಾಣದಲ್ಲಿ ಪರರ ಪೆಟ್ಟಿಗೆಗಳನ್ನು ಎತ್ತಿಳಿಸಿ ಹೊಟ್ಟೆ ಹೊರೆಯುವವನೂ, ಹುಟ್ಟಿನಿಂದ ಟೊಂಗನ್ನನೂ ಮದುವೆಯಿಂದ ಲಾಟ್ವಿಯನ್ನರ ಅಳಿಯನೂ ಆದ ಲಿಸಿಯಾಟೆ ವೈಪುನಾ ಎಂಬ ನಾನು ಸಲ್ಲಿಸುವ ನಮಸ್ಕಾರಗಳನ್ನು ದಯಮಾಡಿ ಸ್ವೀಕರಿಸಬೇಕು.

ತಾವು ಕಳೆದ ವರ್ಷ ಹೊರತಂದ ಲಾಟ್ವಿಯನ್ ಮತ್ತು ಟೊಂಗನ್ ವಲಸಿಗರ ತುಲನಾ ಪಟವನ್ನು ನಮ್ಮ ಗ್ರಂಥಾಲಯದ ಗೋಡೆಯ ಮೇಲೆ ಕಂಡು ಕೃತಾರ್ಥರಾದವರಲ್ಲಿ ನಾನೂ ಒಬ್ಬ. ಲಾಟ್ವಿಯನ್ನರಿಗೆ ನೀಲಿ ಕಂಬ, ನಮಗೆ ಕೆಂಪು ಕಂಬ. ಆದಾಯ, ಪದವಿ, ಸ್ವಂತ ಮನೆ, ಉಳಿತಾಯ ಎಂದು ತಾವು ಅಳೆದ ಕಡೆಯಲ್ಲೆಲ್ಲ ನೀಲಿ ಕಂಬ ತೆಂಗಿನ ಮರದಂತೆ ಎದ್ದು ನಿಂತಿದ್ದರೆ, ಕೆಂಪು ಕಂಬ ಅದರ ಬುಡದಲ್ಲಿ ಬಿದ್ದ ಕಾಯಿಯಂತೆ ಕೂತಿತ್ತು. ಒಂದು ಸೂರಿನಡಿ ಮಲಗುವ ತಲೆಗಳ ಲೆಕ್ಕದಲ್ಲಿ ಮಾತ್ರ ನಾವು ಮುಂದಿದ್ದೆವು, ಅದನ್ನೂ ತಾವು 'ಸುಧಾರಿಸಬೇಕಾದ ಅಂಶ' ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ. ಲಾಟ್ವಿಯನ್ನರು ಮಹಾಯುದ್ಧ ಮುಗಿದ ಹೊಸದರಲ್ಲಿ ಹಡಗಿನಲ್ಲಿ ಬಂದವರು. ನಮ್ಮವರು ವಿಮಾನ ಇಳಿಯುವ ಹೊತ್ತಿಗೆ ಅವರ ಮಕ್ಕಳು ಮನೆ ಕಟ್ಟಿ ಗುಲಾಬಿ ಗಿಡಗಳನ್ನೂ ನೆಟ್ಟಾಗಿತ್ತು. ಒಬ್ಬ ಓಟಗಾರನನ್ನು ಬೆಳಗ್ಗೆಯೇ ಓಡಿಸಿ, ಇನ್ನೊಬ್ಬನನ್ನು ಮಧ್ಯಾಹ್ನ ಬಿಟ್ಟು, ಸಂಜೆ ಇಬ್ಬರೂ ಓಡಿದ ದೂರವನ್ನು ಒಂದೇ ಕೋಲಿನಿಂದ ಅಳೆದ ತಮ್ಮ ನಿಷ್ಪಕ್ಷಪಾತ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು.

ನನ್ನ ದೂರು ಅದರ ಬಗ್ಗೆ ಅಲ್ಲ. ಆ ಪಟ ನಮ್ಮ ಅಡುಗೆಮನೆಗೆ ಬಂದು ಮಾಡಿದ್ದರ ಬಗ್ಗೆ.

ನನ್ನ ಹೆಂಡತಿ ವಿಜ್ಮಾ ಲಾಟ್ವಿಯನ್ನರ ಮಗಳು, ದಂತವೈದ್ಯೆ. ಅವಳ ತಂದೆ ಗುನಾರ್ಸ್ ನಿವೃತ್ತ ಭೂಮಾಪಕರು, ಬಾಲ್ಯದಲ್ಲೇ ಹಡಗಿಳಿದು ಬಂದವರು. ನಮ್ಮ ಮದುವೆಯ ದಿನ ನನ್ನ ಕೈ ಕುಲುಕಿ "ಹವಾ ಚೆನ್ನಾಗಿದೆ" ಎಂದವರು ಮುಂದಿನ ಇಪ್ಪತ್ತು ವರ್ಷ ನನ್ನೊಡನೆ ಆ ವಿಷಯ ಬಿಟ್ಟು ಆಚೀಚೆ ಹೋಗಲಿಲ್ಲ. ಅತ್ತೆ ಸ್ಕೈದ್ರೀತೆ ತೀರಿಕೊಂಡ ಮೇಲೆ ಅವರು ನಮ್ಮ ಹಿಂದಿನ ಕೋಣೆಗೆ ಬಂದರು. ಹವಾ ಅಲ್ಲಿಯೂ ಚೆನ್ನಾಗಿಯೇ ಇತ್ತು. ಮನೆಯಲ್ಲಿ ನಮ್ಮ ಮೊಸೆಸೆ ಚಿಕ್ಕಪ್ಪ, ಬಾಡಿಗೆ ಮನೆ ಸಿಗುವತನಕ ಎಂದು ಬಂದ ಅಣ್ಣನ ಮಗನ ಸಂಸಾರ, ಹಣ್ಣಿನ ತೋಟದ ಕೆಲಸ ಮುಗಿಸಿ ಊರಿಗೆ ಹೊರಟು ಇನ್ನೂ ಹೊರಡದ ಸೋದರಸಂಬಂಧಿಗಳು, ಇವರ ಮೇಲೆಲ್ಲ ದರ್ಬಾರು ನಡೆಸುವ ನನ್ನ ಅಕ್ಕ ಫುಸಿ, ಎಲ್ಲರೂ ಇದ್ದರು. ಮಾವನವರು ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ, ಒಂದು ಒಳ್ಳೆಯ ಮಾತನ್ನೂ ಆಡಿದವರಲ್ಲ.

ಅಂಥವರು ಒಂದು ದಿನ ತಾವು ಹೊರತಂದ ಆ ಪಟದ ಒಂದು ಪ್ರತಿಯನ್ನು ತಂದು, ಪ್ಲಾಸ್ಟಿಕ್ ಹೊದಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡರು.

"ನಾನೇನೂ ಹೇಳ್ತಿಲ್ಲಪ್ಪ. ಅಚ್ಚಾಗಿರೋದು ಹೇಳ್ತಿದೆ."

ಫುಸಿ ಅಕ್ಕ ತಟ್ಟೆಯಿಂದ ತಲೆ ಎತ್ತಿ ಪಟವನ್ನು ಮೇಲಿನಿಂದ ಕೆಳಗೆ ನೋಡಿದಳು. "ಭಾರಿ ಎತ್ತರದ ಕಂಬ ಬೀಗರೇ. ನೀವೊಬ್ರೇ ನಿಲ್ಲಿಸಿದ್ದಾ?"

"ನಮ್ಮೋರೆಲ್ಲ ಸೇರಿ."

"ನಿಮ್ಮೋರೆಲ್ಲ ಎಲ್ಲಿದಾರೆ? ಕಂಬದ ಮೇಲೆ ಕೂತಿದಾರಾ? ನೀವು ಬಂದ ಮೇಲೆ ನಾನಂತೂ ಒಬ್ಬರನ್ನೂ ಈ ಬಾಗಿಲಲ್ಲಿ ಕಂಡಿಲ್ಲ."

ಈ ಮಾತು ಎಲ್ಲಿ ತಾಗಿತೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಮಾವನವರು ಪ್ರಾಯದಿಂದಲೂ ಲಾಟ್ವಿಯನ್ನರ ಸಭಾಭವನದ ಗಾಯನ ಮೇಳದಲ್ಲಿ ಮಂದ್ರಸ್ಥಾಯಿಯಲ್ಲಿ ಹಾಡುತ್ತಿದ್ದವರು. ಕೆಲವರು ತೀರಿಹೋಗಿ, ಕೆಲವರ ಮಂಡಿ ಹೋಗಿ, ಆ ಚಳಿಗಾಲದಲ್ಲಿ ನಾಲ್ವರು ಅಜ್ಜಿಯರೂ ಮಾವನವರೂ ಮಾತ್ರ ಉಳಿದಾಗ ಮೇಳದ ನಾಯಕಿ ಬಾಗಿಲು ಹಾಕಿಬಿಟ್ಟಿದ್ದಳು. ವರ್ಷದ ಕೊನೆಗೆ ಅಡಿಲೇಡಿನಲ್ಲಿ ನಡೆಯಲಿದ್ದ ಹಾಡಿನ ಹಬ್ಬಕ್ಕೆ ಸಿಡ್ನಿಯಿಂದ ಯಾರೂ ಬರುವುದಿಲ್ಲವೆಂದು ಪತ್ರವೂ ಹೋಗಿತ್ತು. ಮಾವನವರು ಇದನ್ನು ಯಾರಿಗೂ ಹೇಳಲಿಲ್ಲ. ಮೇಳದ ಅಭ್ಯಾಸದ ದಿನವಾಗಿದ್ದ ಬುಧವಾರ ಸಂಜೆ ಮೊದಲಿನಂತೆಯೇ ಟೈ ಕಟ್ಟಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದರು. ವಿಜ್ಮಾ ಬಾಗಿಲ ಸಂದಿಯಿಂದ ನೋಡಿ ನನಗೆ ಹೇಳಿದ್ದಳು.

ಅಷ್ಟರಲ್ಲಿ ತಮ್ಮ ಕೇಂದ್ರದಿಂದ ಓಲೆ ಬಂತು. ನಮ್ಮ ಮನೆ ಯಾವ ಕಂಬಕ್ಕೂ ಸರಿಯಾಗಿ ಕೂರುತ್ತಿಲ್ಲವೆಂದೂ, ಮುಂದಿನ ಆವೃತ್ತಿಗೆ ಅದನ್ನು ಒಂದು ಕಡೆ ಸೇರಿಸಲೇಬೇಕೆಂದೂ, ಸಮೀಕ್ಷಕರು ಶನಿವಾರ ಬರುವರೆಂದೂ ತಾವು ತಿಳಿಸಿದಿರಿ. ಅಂದಿನಿಂದ ನನ್ನ ಹೆಂಡತಿ ಮನುಷ್ಯಳಾಗಿ ಉಳಿಯದೆ ಅಂಕಿಯಾದಳು.

"ಮಗಳ ಸಂಪಾದನೆ ನೀಲಿ ಕಡೆಗೆ," ಎಂದರು ಮಾವನವರು. "ಅವಳನ್ನ ಓದಿಸಿದ್ದು ನಾನು."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ಬೀಗರೇ," ಎಂದಳು ಅಕ್ಕ. "ನಮ್ಮ ಕಂಬಕ್ಕೂ ಒಬ್ಬ ಹಲ್ಲಿನ ಡಾಕ್ಟರು ಬೇಡ್ವಾ?"

"ನಾನೇನು ಹಲ್ಲಾ, ಕಿತ್ತು ಆಕಡೆ ಈಕಡೆ ಇಡೋಕೆ?" ಎಂದು ವಿಜ್ಮಾ ಚಿಕಿತ್ಸಾಲಯಕ್ಕೆ ಹೊರಟುಹೋದಳು. ಆ ವಾರ ಅವಳ ಕುರ್ಚಿಯಲ್ಲಿ ಕೂತ ರೋಗಿಗಳ ಪಾಡನ್ನು ನೆನೆದರೆ ಈಗಲೂ ನನ್ನ ದವಡೆ ನೋಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಬೀಗರಿಬ್ಬರಿಗೂ ಒಮ್ಮತ ಮೂಡಿತು. ಮಲಗುವ ತಲೆಗಳು ಕಡಿಮೆ ಕಂಡರೆ ನೀಲಿಗೂ ಶೋಭೆ, ಕೆಂಪಿಗೂ ಶೋಭೆ. ಆದ್ದರಿಂದ ಶನಿವಾರ ಬೆಳಗ್ಗೆ ಮಾವನವರು ತಮ್ಮ ಕೈಯಾರೆ ಬೇಯಿಸಿದ, ಒಳಗೆ ಹಂದಿಮಾಂಸ ತುಂಬಿದ ಪೀರಾಗಿ ಬನ್ನುಗಳ ಒಂದು ಬುಟ್ಟಿಯನ್ನು ಮೊಸೆಸೆ ಚಿಕ್ಕಪ್ಪನ ಕೈಗಿತ್ತು, ಸಮಸ್ತ ಬಂಧುಬಳಗವನ್ನು ಗ್ಯಾರೇಜಿಗೆ ಸಾಗಿಸಿ ಬಾಗಿಲು ಎಳೆದರು. ಕಾವಲಿಗೆ ಫುಸಿ ಅಕ್ಕನೂ ಒಳಗೆ ಕೂತಳು.

ತಮ್ಮ ಸಮೀಕ್ಷಕ ಶ್ರೀ ಡಂಕನ್ ಅವರು ಬಹಳ ವಿನಯಶೀಲ ತರುಣರು, ಊಟ ಕಂಡು ಬಹಳ ದಿನವಾದವರಂತೆ ತೆಳ್ಳಗಿದ್ದರು. ಕಾಲೊರೆಸಿ ಒಳಬಂದು, ಕೈ ತೊಳೆಯಲು ಹೋಗಿ, ಸ್ವಲ್ಪ ತಡವಾಗಿ ಹೊರಬಂದರು.

"ಮನೇಲಿ ರಾತ್ರಿ ಎಷ್ಟು ಜನ ಮಲಗ್ತೀರಿ ಸರ್?"

"ಮೂವರು," ಎಂದರು ಮಾವನವರು. ಜೀವಮಾನದಲ್ಲಿ ಒಂದಂಗುಲ ಭೂಮಿಯನ್ನೂ ತಪ್ಪಾಗಿ ಅಳೆಯದವರ ಕಿವಿ ಕೆಂಪಾಯಿತು.

"ಬಚ್ಚಲಲ್ಲಿ ಅಷ್ಟೊಂದು ಬ್ರಷ್ ಇತ್ತು."

"ಮಗಳು ದಂತವೈದ್ಯೆ."

ಡಂಕನ್ ಅವರು ಅದನ್ನು ಕೈಯಲ್ಲಿದ್ದ ಯಂತ್ರದಲ್ಲಿ ಬರೆದುಕೊಂಡರು. ಆಮೇಲೆ ಒಲೆಯ ಮೇಲಿದ್ದ, ಎಮ್ಮೆ ಮೀಯಿಸಬಹುದಾದಷ್ಟು ದೊಡ್ಡ ಹಂಡೆಯನ್ನು ನೋಡಿದರು. ಅದರಲ್ಲಿ ಕೆಸುವಿನೆಲೆಯಲ್ಲಿ ಸುತ್ತಿದ ಮಾಂಸ ತೆಂಗಿನಹಾಲಿನಲ್ಲಿ ಕುದಿಯುತ್ತಿತ್ತು.

"ಅಳಿಯ ಸ್ವಲ್ಪ ಚೆನ್ನಾಗಿ ಉಣ್ತಾನೆ," ಎಂದರು ಮಾವನವರು. ಮಾನ್ಯರೇ, ಇಪ್ಪತ್ತು ವರ್ಷಗಳಲ್ಲಿ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು.

ಟೊಂಗನ್ನರನ್ನು ಒಂದು ಕಡೆ ಕೂಡಿಹಾಕಿದರೆ ಏನಾಗುತ್ತದೆಂದು ತಮ್ಮ ಯಾವ ಕಂಬವೂ ಹೇಳುವುದಿಲ್ಲ. ಚಹಾ ಬಗ್ಗಿಸುವ ಹೊತ್ತಿಗೆ ಗ್ಯಾರೇಜಿನಿಂದ ಒಂದು ಗುಂಯ್‌ಕಾರ ಎದ್ದಿತು. ಮೊದಲು ಒಂದು ದನಿ, ಅದರ ಕೆಳಗೊಂದು, ಅದರ ಕೆಳಗೆ ನೆಲ ನಡುಗಿಸುವ ಇನ್ನೊಂದು.

"ಅದು...?" ಎಂದರು ಡಂಕನ್.

"ರೇಡಿಯೋ," ಎಂದರು ಮಾವನವರು.

ಆ ಚರ್ಚಿನ ಹಾಡು ಮುಗಿದು ಇನ್ನೊಂದು ಶುರುವಾಯಿತು. ಮಾವನವರು ಬಗ್ಗಿಸುತ್ತಿದ್ದ ಚಹಾ ಬಟ್ಟಲು ತುಂಬಿ, ತಟ್ಟೆ ತುಂಬಿ, ಮೇಜಿನ ಮೇಲೆ ಹರಿಯಿತು. ಅದು ಲಾಟ್ವಿಯದ ಹಳೆಯ ಜನಪದ ಹಾಡು, ಮದುವೆಗೆ ಹೊರಟವನೊಬ್ಬ ದಾರಿಯಲ್ಲಿ ಕುದುರೆ ಕಳೆದುಕೊಂಡು ಹುಡುಕುವ ಹಾಡು. ಕುದುರೆಗೆ ಅವರ ಭಾಷೆಯಲ್ಲಿ 'ಜಿರ್ಗ್ಸ್' ಎನ್ನುತ್ತಾರೆ. ಗ್ಯಾರೇಜಿನಿಂದ ಬರುತ್ತಿದ್ದುದು 'ಸಿಲಿಕಿಸಿ'. ಮೊದಲ ಸಿಲಿಕಿಸಿಗೆ ಮಾವನವರ ಹುಬ್ಬು ಗಂಟಿಕ್ಕಿತು. ಎರಡನೆಯದಕ್ಕೆ ಎದ್ದು ನಿಂತರು. ಮೂರನೆಯದಕ್ಕೆ ಅಂಗಳ ದಾಟಿ ಗ್ಯಾರೇಜಿನ ಬಾಗಿಲನ್ನು ತಾವೇ ಎತ್ತಿಬಿಟ್ಟರು. ಹಿಂದೆಯೇ ವಿಜ್ಮಾ, ನಾನು, ಡಂಕನ್.

ಬಣ್ಣದ ಡಬ್ಬಗಳ ಮೇಲೆ, ಮೀನಿನ ಬಲೆಗಳ ಮೇಲೆ, ಮಡಿಸಿಟ್ಟ ಹಾಸಿಗೆಗಳ ಮೇಲೆ ನಮ್ಮ ಬಳಗವೆಲ್ಲ ಬಾಯಿ ತೆರೆದುಕೊಂಡು ಕೂತಿತ್ತು.

"ಅದು ಸಿಲಿಕಿಸಿ ಅಲ್ಲ. ಜಿರ್ಗ್ಸ್," ಎಂದರು ಮಾವನವರು.

"ಅಷ್ಟೊಂದು ಒತ್ತಕ್ಷರ ನಮ್ಮ ಬಾಯಿಗೆ ಹಿಡಿಯಲ್ಲ ಬೀಗರೇ," ಎಂದ ಮೊಸೆಸೆ ಚಿಕ್ಕಪ್ಪ. "ನಮ್ಮ ಭಾಷೇಲಿ ಎರಡು ವ್ಯಂಜನದ ಮಧ್ಯೆ ಒಂದು ಸ್ವರ ಆದ್ರೂ ಮಲಗಿರ್ಬೇಕು. ನಮ್ಮನೆ ಥರ."

"ಯಾರು ಕಲಿಸಿದ್ದು ಈ ಹಾಡನ್ನ?"

"ಇನ್ಯಾರು, ನಿಮ್ಮ ಯಜಮಾನ್ತಿ," ಎಂದಳು ಫುಸಿ ಅಕ್ಕ. "ಗುರುವಾರ ಗುರುವಾರ ಬಂದು ಹಿಟ್ಟು ನಾದ್ತಾ ನಾದ್ತಾ ಹೇಳಿಕೊಡೋರು. ಯಜಮಾನ್ರನ್ನೂ ಕರ್ಕೊಂಡು ಬನ್ನಿ ಅಂದ್ರೆ, ಅವರು ಬರಲ್ಲ ಕಣಮ್ಮ, ಅವರಿಗೆ ನಾಚಿಕೆ ಜಾಸ್ತಿ, ಅನ್ನೋರು."

ಮಾವನವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಅವರ ಮುಖ ನೋಡಲಿಲ್ಲ, ವಿಜ್ಮಾ ನೋಡಿದಳು, ನೋಡಿ ಅವರ ತೋಳು ಹಿಡಿದುಕೊಂಡಳು. ಅವರು ಕೇಳಿದ್ದು ಇಷ್ಟೇ: "ನಿಮ್ಮಲ್ಲಿ ಮಂದ್ರದಲ್ಲಿ ಹಾಡೋರು ಎಷ್ಟು ಜನ?"

ಅರ್ಧ ಗ್ಯಾರೇಜು ಕೈ ಎತ್ತಿತು.

ಅವರು ಡಂಕನ್ ಕಡೆ ತಿರುಗಿದರು. "ನಾನು ಸುಳ್ಳು ಹೇಳಿದೆ. ಎಲ್ಲರನ್ನೂ ಬರ್ಕೊಳ್ಳಿ."

"ಯಾವ ಕಡೆಗೆ ಸರ್?"

"ಲಾಟ್ವಿಯದ ಕಡೆಗೆ. ನಮ್ಮಲ್ಲಿ ಹಾಡೋರು ಕಮ್ಮಿ ಆಗಿದಾರೆ."

"ಹಾಗಾದ್ರೆ ಬೀಗರನ್ನ ನಮ್ಮ ಕಡೆಗೆ ಬರ್ಕೊಳಪ್ಪ," ಎಂದಳು ಅಕ್ಕ. "ದುಡ್ಡು ಉಳಿಸೋರು ಒಬ್ಬರಾದ್ರೂ ನಮಗೂ ಇರಲಿ."

ತಮ್ಮ ಸಮೀಕ್ಷಕರು ಪ್ರಾಮಾಣಿಕವಾಗಿ ಹಾಗೆಯೇ ಬರೆದುಕೊಂಡು, ಯಂತ್ರವನ್ನು ಜೇಬಿಗಿಟ್ಟು, ಬಣ್ಣದ ಡಬ್ಬದ ಮೇಲೆ ಕೂತು, ಬುಟ್ಟಿಯಲ್ಲಿ ಪೀರಾಗಿ ಇನ್ನೂ ಉಳಿದಿದೆಯೇ ಎಂದು ವಿಚಾರಿಸಿದರು.

ಮಾನ್ಯರೇ, ಆಮೇಲೆ ಬುಧವಾರಗಳಂದು ಸಭಾಭವನದ ಬಾಗಿಲು ಮತ್ತೆ ತೆರೆಯಿತು. ಅಡಿಲೇಡಿಗೆ ನಾವು ಎರಡು ವ್ಯಾನುಗಳಲ್ಲಿ ಹೋದೆವು. ವೇದಿಕೆಯ ಮುಂದಿನ ಸಾಲಿನಲ್ಲಿ ಕಸೂತಿ ಉಡುಪು ತೊಟ್ಟ ನಾಲ್ವರು ಅಜ್ಜಿಯರು, ಅವರ ಹಿಂದೆ ನಮ್ಮ ಟೊಂಗಾದ ಮರ್ಯಾದೆಯಂತೆ ಸೂಟಿನ ಮೇಲೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡ, ಬಾಗಿಲಷ್ಟು ಅಗಲದ ನಮ್ಮ ಚಿಕ್ಕಪ್ಪಂದಿರು, ನಡುವೆ ಮಾವನವರು. ಕುದುರೆಯ ಹಾಡು ಬಂದಾಗ ಸಭೆ ಒಂದು ಕ್ಷಣ ಬೆಚ್ಚಿತು. ಎರಡನೆಯ ಚರಣಕ್ಕೆ ಸಭೆಯಲ್ಲಿದ್ದ ಮುದುಕಿಯರೆಲ್ಲ ಎದ್ದು ನಿಂತು ತಾವೂ 'ಸಿಲಿಕಿಸಿ' ಎಂದೇ ಹಾಡಿದರು. ಮಾವನವರು ಕಣ್ಣು ಮುಚ್ಚಿಕೊಂಡು ಸಹಿಸಿದರು. ಹೊರಗೆ ಬಂದವರೇ ನನ್ನ ಹೆಗಲ ಮೇಲೆ ಕೈಯಿಟ್ಟು, "ಹವಾ ಸ್ವಲ್ಪ ಸೆಕೆ, ಅಲ್ವೇನೋ ಲಿಸಿಯಾಟೆ," ಎಂದರು. ಹೆಸರು ಹಿಡಿದು ಕರೆದಿದ್ದರು.

ಈಗ ದೂರಿಗೆ ಬರುತ್ತೇನೆ. ತಮ್ಮ ಹೊಸ ಆವೃತ್ತಿಯಲ್ಲಿ ಲಾಟ್ವಿಯನ್ನರ ಮನೆಗಳಲ್ಲಿ ತಲೆಗಳು ಹಠಾತ್ತನೆ ಏರಿವೆಯೆಂದೂ, (ನಮ್ಮ ಮಾವನವರ ಹಳೆಯ ಅಭ್ಯಾಸದ ಕೃಪೆಯಿಂದ) ಟೊಂಗನ್ನರಲ್ಲಿ ಕಾಡಿನ ಅಣಬೆ ಒಣಗಿಸಿಡುವ ಹೊಸ ಪ್ರವೃತ್ತಿ ಕಂಡಿದೆಯೆಂದೂ ಬರೆದು, ಇದಕ್ಕೆಲ್ಲ 'ದತ್ತಾಂಶದೋಷ' ಎಂಬ ಹೆಸರಿಟ್ಟು, ಪ್ರತಿಯೊಬ್ಬರೂ ತಿಂಗಳ ಕೊನೆಯೊಳಗೆ ತಮ್ಮ ಮೂಲ ಕಂಬಕ್ಕೆ ಮರಳತಕ್ಕದ್ದು ಎಂದು ಆಜ್ಞೆ ಕಳಿಸಿದ್ದೀರಿ. ತಮ್ಮ ಮಾತು ಮೀರುವವರು ನಾವಲ್ಲ, ಆದರೆ ಅದಕ್ಕೆ ಕೆಲವು ಸಣ್ಣ ಸೌಕರ್ಯಗಳು ಬೇಕಾಗುತ್ತವೆ. ನಮ್ಮ ಮಂಚದ ನಡುವೆ ಗಡಿ ಎಳೆದು, ನನ್ನ ಗೊರಕೆ ನೀಲಿ ಸೀಮೆಗೆ ದಾಟದಂತೆ ನೋಡಿಕೊಳ್ಳಲು ಒಬ್ಬ ನೌಕರನನ್ನು ನೇಮಿಸಬೇಕು. ವಿಜ್ಮಾಳ ಹಲ್ಲು ಕೀಳುವ ಕೈ ಲಾಟ್ವಿಯಕ್ಕೂ, ಕೆಸುವಿನೆಲೆ ಮಡಿಸುವ ಕೈ ಟೊಂಗಾಕ್ಕೂ ಸೇರಿದೆಯೆಂದು ಪ್ರಮಾಣಪತ್ರ ಕೊಡಬೇಕು. ಎರಡಕ್ಕೂ ಅವಳು ಬಳಸುವುದು ಬಲಗೈಯನ್ನೇ ಎಂಬುದು ತಮ್ಮ ಗಮನದಲ್ಲಿರಲಿ. ನನ್ನ ಅಜ್ಜ ಪದವಿಪತ್ರ ಹಿಡಿದು ಲಾಟ್ವಿಯನ್ನರು ಬಂದ ಆ ಹಡಗನ್ನೇ ಹತ್ತಿ ಬರುವಂತೆ, ಪೂರ್ವಾನ್ವಯವಾಗಿ, ಅವರ ಸಮಾಧಿಯ ವಿಳಾಸಕ್ಕೆ ಒಂದು ನೋಟೀಸು ಕಳಿಸಬೇಕು. ಇಷ್ಟು ಕಷ್ಟವೆನಿಸಿದರೆ, ನೀಲಿಯನ್ನೂ ಕೆಂಪನ್ನೂ ಬೆರೆಸಿದರೆ ನೇರಳೆ ಬರುತ್ತದೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಬಣ್ಣದ ಡಬ್ಬ ಬೇಕಿದ್ದರೆ ನಮ್ಮ ಗ್ಯಾರೇಜಿನಲ್ಲಿದೆ.

ಒಂದು ಕಂಬವನ್ನೂ ನೆಟ್ಟಗೆ ನಿಲ್ಲಗೊಡದ ಅಪರಾಧಕ್ಕೆ ಕ್ಷಮೆ ಬೇಡುತ್ತಾ,

ತಮ್ಮ ವಿಶ್ವಾಸಿ,
ಲಿಸಿಯಾಟೆ ವೈಪುನಾ

ತಾ.ಕ.: ತಾವು ನಾಲ್ಕು ಮಲಗುವ ಕೋಣೆಗಳ ಸ್ವಂತ ಮನೆಯಲ್ಲಿ ಒಬ್ಬರೇ ಇರುವಿರೆಂದು ಕೇಳಿದೆ. ತಮ್ಮದೇ ಪಟದ ಪ್ರಕಾರ ಇದಕ್ಕಿಂತ ಎತ್ತರದ ಕಂಬ ಭೂಮಿಯ ಮೇಲಿಲ್ಲ, ಹೃತ್ಪೂರ್ವಕ ಅಭಿನಂದನೆಗಳು. ಅಲ್ಲಿಂದ ಇಳಿಯಲು ಮನಸ್ಸಾದ ದಿನ ಊಟಕ್ಕೆ ಬನ್ನಿ, ಏನೂ ತರಬೇಡಿ. ಹೊರಡುವಾಗ ಫುಸಿ ಅಕ್ಕ ತಮ್ಮ ಕಾರಿನ ಹಿಂದಿನ ಸೀಟು ತುಂಬುವಷ್ಟು ಬುತ್ತಿ ಕಟ್ಟಿಕೊಡುತ್ತಾಳೆ. ಅದನ್ನು ಆದಾಯಕ್ಕೆ ಸೇರಿಸಬೇಕೋ ಬಡತನಕ್ಕೆ ಸೇರಿಸಬೇಕೋ ಎಂದು ಮಾತ್ರ ಅವಳನ್ನು ಕೇಳಬೇಡಿ.